ಮುನ್ನೂರೇ ಸಾಕು ಎನ್ನುವ ಧೈರ್ಯ

‘ಇನ್ನು ಎರಡೇ ಉಳಿದಿವೆ, ಬೇಗ ಕೊಳ್ಳಿ’ ಎಂದು ಶಾಪಿಂಗ್ ಆ್ಯಪ್ ಹೇಳಿದರೆ ನಾವ್ಯಾರೂ ಈಗ ನಂಬುವುದಿಲ್ಲ. ನಾಳೆ ನೋಡಿದರೂ ಅಲ್ಲಿ ಎರಡೇ ಉಳಿದಿರುತ್ತವೆ ಎಂದು ಗೊತ್ತು. ಹಾಗಾಗಿ ಯಾವುದೋ ದೇಶದ ಸಣ್ಣ ಸಂಗೀತ ಕಂಪನಿಯೊಂದು ‘ಈ ಆಲ್ಬಂನ 300 ರೆಕಾರ್ಡ್ ಮಾತ್ರ ಮಾಡಿದ್ದೇವೆ, ಮುಗಿದರೆ ಮುಗಿಯಿತು’ ಎಂದಾಗಲೂ ನಮಗೆ ಮೊದಲು ಬರುವುದು ಅದೇ ಅನುಮಾನ. ಹಾಡು ಮೊಬೈಲ್‌ನಲ್ಲೇ ಸಿಗುವಾಗ ಅದನ್ನು ಪ್ಲಾಸ್ಟಿಕ್ ತಟ್ಟೆಯ ಮೇಲೆ ಒತ್ತಿ, ನಂಬರ್ ಹಾಕಿ ಮಾರುವುದು ಗಿಮಿಕ್ ಅಲ್ಲದೆ ಮತ್ತೇನು?

ನಮ್ಮ ಹಾಸ್ಟೆಲಿನಲ್ಲಿ ಈ ವಾದ ಆಗಾಗ ನಡೆಯುತ್ತದೆ. ಅಲ್ಲಿ ನಾನು ಯಾವಾಗಲೂ ಅಲ್ಪಸಂಖ್ಯಾತ. ನನ್ನ ಪ್ರಕಾರ ಸಣ್ಣ ಲೇಬಲ್‌ಗಳ ‘ಲಿಮಿಟೆಡ್ ಎಡಿಷನ್’ ಬಹುಪಾಲು ಗಿಮಿಕ್ ಅಲ್ಲ, ಶುದ್ಧ ಲೆಕ್ಕ. ಕಡಿಮೆ ಒತ್ತಿಸಿ ಅಂದಾಜು ತಪ್ಪಿದರೆ ಸರಿಪಡಿಸಿಕೊಳ್ಳಬಹುದು. ಹೆಚ್ಚು ಒತ್ತಿಸಿ ತಪ್ಪಿದರೆ ಲೇಬಲ್ಲೇ ಮುಳುಗುತ್ತದೆ. ಇಷ್ಟೇ ವಿಷಯ. ಆದರೆ ಓದು ಮುಗಿಸಿ ಸ್ವಂತದ್ದೇನಾದರೂ ಮಾಡಬೇಕೆಂದಿರುವವರಿಗೆ ಇದರಲ್ಲಿ ದೊಡ್ಡ ಪಾಠವಿದೆ ಎಂದು ನನಗನ್ನಿಸುತ್ತದೆ.

ಇಲ್ಲಿ ಸಣ್ಣ ಲೇಬಲ್ ಎಂದರೆ ಸೋನಿ, ಯೂನಿವರ್ಸಲ್ ತರಹದ ಕಂಪನಿಗಳಲ್ಲ. ಇಬ್ಬರೋ ಮೂವರೋ ಸೇರಿ, ಎಷ್ಟೋ ಸಲ ಬೇರೆ ಕೆಲಸ ಮಾಡಿಕೊಂಡೇ, ತಮಗಿಷ್ಟವಾದ ಕಲಾವಿದರ ಸಂಗೀತವನ್ನು ಹೊರತರುವ ಸಂಸ್ಥೆಗಳು. ಅಮೆರಿಕ, ಬ್ರಿಟನ್, ಜಪಾನ್‌ಗಳಲ್ಲಿ ಇಂಥವು ಬೇಕಾದಷ್ಟಿವೆ. ಅವರಿಗೆ ಜಾಹೀರಾತಿಗೆ ದುಡ್ಡಿರುವುದಿಲ್ಲ, ಗೋದಾಮು ಇರುವುದಿಲ್ಲ. ಮಲಗುವ ಕೋಣೆಯ ಮಂಚದ ಕೆಳಗಿನ ಜಾಗವೇ ಎಷ್ಟೋ ಲೇಬಲ್‌ಗಳ ಗೋದಾಮು.

ತಟ್ಟೆ ತಯಾರಾಗುವ ಬಗೆ

ಲೆಕ್ಕ ಅರ್ಥವಾಗಬೇಕಾದರೆ ವಿನೈಲ್ ರೆಕಾರ್ಡ್ ಹೇಗೆ ತಯಾರಾಗುತ್ತದೆ ಎಂದು ನೋಡಬೇಕು. ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ವರ್ಕ್‌ಶಾಪ್ ಪಾಠದಷ್ಟೇ ಸಲೀಸು.

ಮೊದಲು ಲ್ಯಾಕರ್ ಬಳಿದ ಅಲ್ಯೂಮಿನಿಯಂ ತಟ್ಟೆಯ ಮೇಲೆ ಲೇತ್ ಒಂದರಿಂದ ಹಾಡಿನ ಗೀರನ್ನು ಕೊರೆಯುತ್ತಾರೆ. ಹಾಡು ಓಡುತ್ತಿದ್ದಂತೆಯೇ ಸೂಜಿ ಕೊರೆಯುತ್ತಾ ಹೋಗುತ್ತದೆ. ಈ ಮೆದು ತಟ್ಟೆಯಿಂದ ನೇರವಾಗಿ ಪ್ರತಿ ತೆಗೆಯಲಾಗದು. ಅದಕ್ಕೆ ತೆಳುವಾಗಿ ಬೆಳ್ಳಿ ಸಿಂಪಡಿಸಿ, ವಿದ್ಯುತ್ ಹರಿಯುವಂತೆ ಮಾಡಿ, ನಿಕಲ್ ದ್ರಾವಣದಲ್ಲಿ ಮುಳುಗಿಸಿ ಎಲೆಕ್ಟ್ರೋಪ್ಲೇಟಿಂಗ್ ಮಾಡುತ್ತಾರೆ. ಬೆಳೆದ ನಿಕಲ್ ಪದರವನ್ನು ಬಿಡಿಸಿದರೆ ಸಿಗುವುದು ಉಲ್ಟಾ ಅಚ್ಚು. ಅದರ ಹೆಸರು ‘ಫಾದರ್’. ಅದರಿಂದ ‘ಮದರ್’, ಮದರ್‌ನಿಂದ ‘ಸ್ಟ್ಯಾಂಪರ್’. ಎರಡೂ ಬದಿಗೆ ಇದೇ ಕೆಲಸ. ಸ್ಟ್ಯಾಂಪರ್‌ಗಳನ್ನು ಪ್ರೆಸ್‌ಗೆ ಕೂರಿಸಿ, ನಡುವೆ ಬಿಸಿ ಪಿವಿಸಿ ಮುದ್ದೆ ಇಟ್ಟು, ಸುಮಾರು ನೂರು ಟನ್ ಒತ್ತಡದಲ್ಲಿ ಅದುಮಿದರೆ ಅರ್ಧ ನಿಮಿಷದಲ್ಲಿ ಒಂದು ರೆಕಾರ್ಡ್ ರೆಡಿ. ಒಂದು ಸ್ಟ್ಯಾಂಪರ್ ಸಾವಿರದ ಆಸುಪಾಸಿನಷ್ಟು ಪ್ರತಿ ಒತ್ತುವ ಹೊತ್ತಿಗೆ ಸವೆಯುತ್ತದೆ.

ಇಲ್ಲಿ ಗಮನಿಸಬೇಕಾದ್ದು ಒಂದೇ. ಮೊದಲ ಪ್ರತಿ ಕೈಗೆ ಬರುವ ಮೊದಲೇ ದೊಡ್ಡ ಖರ್ಚು ಮುಗಿದಿರುತ್ತದೆ. 100 ಒತ್ತಿಸಿದರೂ ಸಾವಿರ ಒತ್ತಿಸಿದರೂ ಆ ಖರ್ಚು ಅಷ್ಟೇ.

ಮದುವೆ ಕಾರ್ಡ್ ಮಾಡಿಸಲು ಪ್ರಿಂಟಿಂಗ್ ಪ್ರೆಸ್‌ಗೆ ಹೋದವರಿಗೆ ಇದು ಗೊತ್ತಿರುತ್ತದೆ. 200 ಕಾರ್ಡಿನ ರೇಟು ಕೇಳಿದರೆ ಪ್ರೆಸ್‌ನವರು, ‘ಇನ್ನು ಸ್ವಲ್ಪ ಹಾಕಿದ್ರೆ 500 ಆಗುತ್ತೆ, ಅಷ್ಟೇ ಮಾಡಿಸಿಬಿಡಿ ಸರ್’ ಅನ್ನುತ್ತಾರೆ. ಮಾಡಿಸುತ್ತೇವೆ. ಆಮೇಲೆ ಉಳಿದ ಕಾರ್ಡುಗಳ ಹಿಂಬದಿಯಲ್ಲಿ ವರ್ಷಗಟ್ಟಲೆ ದಿನಸಿ ಚೀಟಿ ಬರೆಯುತ್ತೇವೆ.

ಬ್ರೇಕ್ ಈವನ್ ಪಾಠ

ಈಗ ಒಂದು ಲೆಕ್ಕ ಮಾಡೋಣ. ಅಂಕಿಗಳು ಸುಲಭವಾಗಲೆಂದು ನಾನೇ ಊಹಿಸಿಕೊಂಡವು. ಲ್ಯಾಕರ್, ಪ್ಲೇಟಿಂಗ್, ಕವರ್ ವಿನ್ಯಾಸ ಎಲ್ಲ ಸೇರಿ ಸ್ಥಿರ ವೆಚ್ಚ 1,50,000 ರೂಪಾಯಿ. ಆಮೇಲೆ ಒಂದೊಂದು ರೆಕಾರ್ಡಿಗೆ 500 ರೂಪಾಯಿ. ಮಾರುವ ಬೆಲೆ 1,500.

300 ಒತ್ತಿಸಿದರೆ ಒಟ್ಟು ಖರ್ಚು 3 ಲಕ್ಷ, ಒಂದಕ್ಕೆ ಬೀಳುವುದು 1,000 ರೂಪಾಯಿ. ಸಾವಿರ ಒತ್ತಿಸಿದರೆ ಒಟ್ಟು 6.5 ಲಕ್ಷ, ಒಂದಕ್ಕೆ ಬರೀ 650. ಪರೀಕ್ಷೆಯಲ್ಲಿ ಕೇಳಿದರೆ ನಾವೆಲ್ಲ ಸಾವಿರವೇ ಲಾಭ ಎಂದು ಬರೆದು ಬರುತ್ತೇವೆ. ಆದರೆ ಆ ಉತ್ತರ ಸರಿಯಾಗುವುದು ಸಾವಿರವೂ ಮಾರಾಟವಾದರೆ ಮಾತ್ರ. 300 ಒತ್ತಿಸಿದವರು 200 ಮಾರಿದರೆ ಹಾಕಿದ ಬಂಡವಾಳ ವಾಪಸ್. ಸಾವಿರ ಒತ್ತಿಸಿದವರು 434 ಮಾರುವ ತನಕ ಸಾಲದಲ್ಲೇ ಇರುತ್ತಾರೆ.

ಕೊಳ್ಳುವವರು 300 ಜನ ಮಾತ್ರ ಎಂದಾದರೆ? ಮೊದಲನೆಯವರಿಗೆ ಒಂದೂವರೆ ಲಕ್ಷ ಲಾಭ, ಎರಡನೆಯವರಿಗೆ ಎರಡು ಲಕ್ಷ ನಷ್ಟ. ಜತೆಗೆ 700 ರೆಕಾರ್ಡ್ ಮನೆಯಲ್ಲಿ. ಒಂದು ಎಲ್‌ಪಿ 140 ಗ್ರಾಂ ಎಂದಿಟ್ಟುಕೊಂಡರೂ, ಕವರ್ ಬಿಟ್ಟು, 98 ಕೆ.ಜಿ. ಹೆಚ್ಚುಕಡಿಮೆ ಒಂದು ಕ್ವಿಂಟಲ್. ಅದು ಅಕ್ಕಿಯಲ್ಲ, ಬೇಯಿಸಿ ಉಣ್ಣಲಾಗದು. ಬಿಸಿಲು, ಶಾಖ ತಗುಲಿದರೆ ಸೊಟ್ಟಗಾಗುವ ಮಾಲು ಬೇರೆ.

ಇನ್ನು ಕೊಳ್ಳುವವರು ಸಾವಿರ ಜನ ಬಂದರು ಅನ್ನಿ. 300 ಒತ್ತಿಸಿದವರಿಗೆ ಏನೂ ಹಾಳಾಗುವುದಿಲ್ಲ. ಮದರ್ ಫ್ಯಾಕ್ಟರಿಯಲ್ಲೇ ಇರುತ್ತದೆ. ಬಂದ ಲಾಭದಲ್ಲಿ ಹೊಸ ಸ್ಟ್ಯಾಂಪರ್ ಮಾಡಿಸಿ ಎರಡನೇ ಸಲ ಒತ್ತಿಸಬಹುದು. ನಷ್ಟವೆಂದರೆ ಕೆಲವರು ಕೆಲವು ತಿಂಗಳು ಕಾಯಬೇಕಾದೀತು, ಅಷ್ಟೇ. ಎರಡು ತಪ್ಪುಗಳು ಸಮನಲ್ಲ ಎಂದು ನಾನು ಹೇಳಿದ್ದು ಇದನ್ನೇ.

ಇದರ ಮೇಲೆ ಫ್ಯಾಕ್ಟರಿಗಳ ಕೊರತೆಯೂ ಇದೆ. ಲ್ಯಾಕರ್ ತಟ್ಟೆ ತಯಾರಿಸುವ ಕಾರ್ಖಾನೆಗಳು ಇಡೀ ಜಗತ್ತಿನಲ್ಲಿ ಇದ್ದದ್ದೇ ಎರಡು. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಸುಟ್ಟುಹೋಯಿತು. ಉಳಿದದ್ದು ಜಪಾನಿನದ್ದೊಂದು. ಆಮೇಲಿನ ಎರಡು ವರ್ಷ ಸಣ್ಣ ಲೇಬಲ್‌ಗಳು ದೊಡ್ಡ ಕಂಪನಿಗಳ ಆರ್ಡರ್‌ಗಳ ಹಿಂದೆ ತಿಂಗಳುಗಟ್ಟಲೆ ಸರತಿಯಲ್ಲಿ ನಿಂತವು.

ಕೆಲವು ಸಲ ಸಂಖ್ಯೆಯನ್ನು ಸರ್ಕಾರವೇ ತೀರ್ಮಾನಿಸಿದ್ದುಂಟು. ಬ್ರಿಟನ್ನಿನಲ್ಲಿ 1973ರಲ್ಲಿ ವ್ಯಾಟ್ ಬರುವ ಮೊದಲು ‘ಪರ್ಚೇಸ್ ಟ್ಯಾಕ್ಸ್’ ಎಂಬ ತೆರಿಗೆ ಇತ್ತು. ನೂರಕ್ಕಿಂತ ಕಡಿಮೆ ಪ್ರತಿ ಒತ್ತಿಸಿದರೆ ಅದರಿಂದ ವಿನಾಯಿತಿ. ಹಾಗಾಗಿ ಅಲ್ಲಿನ ಸಣ್ಣ ಜಾಝ್, ಬ್ಲೂಸ್, ಜನಪದ ಲೇಬಲ್‌ಗಳು ಸರಿಯಾಗಿ 99 ರೆಕಾರ್ಡ್ ಒತ್ತಿಸುತ್ತಿದ್ದವು. ಇವತ್ತು ಸಂಗ್ರಾಹಕರು ‘ಅಪರೂಪದ 99’ ಎಂದು ಕಣ್ಣಿಗೊತ್ತಿಕೊಳ್ಳುವ ತಟ್ಟೆಗಳ ಹಿಂದೆ ಇರುವುದು ಟ್ಯಾಕ್ಸ್ ಉಳಿಸುವ ಉಪಾಯ!

ಸಾವಿರದಿಂದ ಶುರುವಾದವರು

1977ರ ಜನವರಿಯಲ್ಲಿ ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡ ಸುಮಾರು 500 ಪೌಂಡ್ ಸಾಲ ಮಾಡಿ, ‘ನ್ಯೂ ಹಾರ್ಮೋನ್ಸ್’ ಎಂಬ ತನ್ನದೇ ಲೇಬಲ್ ಕಟ್ಟಿ ‘ಸ್ಪೈರಲ್ ಸ್ಕ್ರ್ಯಾಚ್’ ಎಂಬ ರೆಕಾರ್ಡ್ ಹೊರತಂದಿತು. ಒತ್ತಿಸಿದ್ದು ಒಂದು ಸಾವಿರ. ಅದು ಮುಗಿದ ಮೇಲೆ ಮತ್ತೆ, ಮತ್ತೆ ಒತ್ತಿಸಿ ಕೊನೆಗೆ 16,000ದಷ್ಟು ಮಾರಾಟವಾಯಿತು. ಮೊದಲ ದಿನವೇ 16,000 ಒತ್ತಿಸುವ ಶಕ್ತಿ ಅವರಿಗಿರಲಿಲ್ಲ, ಒತ್ತಿಸುವ ಅಗತ್ಯವೂ ಇರಲಿಲ್ಲ.

ಮರುವರ್ಷ ಲಂಡನ್ನಿನ ಸ್ಕ್ರಿಟಿ ಪೊಲಿಟಿ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ರೆಕಾರ್ಡಿಂಗಿಗೆ ಎಷ್ಟಾಯಿತು, ಒತ್ತಿಸಲು ಎಷ್ಟಾಯಿತು, ಎಲ್ಲಿ ಮಾಡಿಸಿದೆವು ಎಂಬ ಲೆಕ್ಕವನ್ನೆಲ್ಲ ರೆಕಾರ್ಡಿನ ಕವರ್ ಮೇಲೆಯೇ ಮುದ್ರಿಸಿತು. ‘ನೋಡಿ, ಇಷ್ಟೇ ಖರ್ಚು, ನೀವೂ ಮಾಡಬಹುದು’ ಎಂದು ಕೇಳುಗರಿಗೆ ಹೇಳುವ ರೀತಿ ಅದು. ಗಿಮಿಕ್ ಮಾಡುವವರು ಖರ್ಚಿನ ಲೆಕ್ಕ ಬಿಚ್ಚಿಡುವುದಿಲ್ಲ.

ಅಮೆರಿಕದ ವಾಷಿಂಗ್ಟನ್‌ನಲ್ಲಿ ಟೀನ್ ಐಡಲ್ಸ್ ಎಂಬ ಹುಡುಗರ ತಂಡವಿತ್ತು. ತಂಡ ಒಡೆಯುವ ಹೊತ್ತಿಗೆ ಕಾರ್ಯಕ್ರಮಗಳಿಂದ ಕೂಡಿಸಿಟ್ಟಿದ್ದ 600 ಡಾಲರ್‌ನಷ್ಟು ಹಣ ಉಳಿದಿತ್ತು. ಹಂಚಿಕೊಳ್ಳುವ ಬದಲು ಅದನ್ನು ರೆಕಾರ್ಡಿಗೆ ಹಾಕಿದರು. ಒತ್ತಿಸಿದ್ದು ಇವರೂ ಒಂದು ಸಾವಿರ. ಕವರ್‌ಗಳನ್ನು ತಾವೇ ಕತ್ತರಿಸಿ, ಮಡಚಿ, ಅಂಟಿಸಿದರು. 1980ರಲ್ಲಿ ಹೀಗೆ ಹುಟ್ಟಿದ ಲೇಬಲ್ಲೇ ‘ಡಿಸ್ಕಾರ್ಡ್’. ಒಂದು ರೆಕಾರ್ಡಿನಿಂದ ಬಂದ ದುಡ್ಡಿನಲ್ಲಿ ಮುಂದಿನದು ಎಂಬ ಕ್ರಮದಲ್ಲಿ ಬೆಳೆದು ನಾಲ್ಕು ದಶಕ ದಾಟಿದೆ.

ಸಿಯಾಟಲ್‌ನ ಸಬ್ ಪಾಪ್ ಲೇಬಲ್ 1988ರಲ್ಲಿ ಬೇರೆ ದಾರಿ ಹಿಡಿಯಿತು. ನಮ್ಮ ಪತ್ರಿಕೆಗಳ ಚಂದಾ ಪದ್ಧತಿಯಂತೆ ‘ಸಿಂಗಲ್ಸ್ ಕ್ಲಬ್’ ಶುರುಮಾಡಿತು. ಸದಸ್ಯರು ಮುಂಗಡ ಹಣ ಕಟ್ಟಬೇಕು, ತಿಂಗಳಿಗೊಂದು ರೆಕಾರ್ಡ್ ಮನೆಗೆ ಬರುತ್ತದೆ. ಒತ್ತಿಸುವ ಮೊದಲೇ ದುಡ್ಡು ಕೈಗೆ. ಆ ಕ್ಲಬ್ಬಿನ ಮೊದಲ ರೆಕಾರ್ಡ್, ಆಗ ಯಾರಿಗೂ ಅಷ್ಟಾಗಿ ಗೊತ್ತಿರದ ನಿರ್ವಾಣ ತಂಡದ ಮೊದಲ ಸಿಂಗಲ್. ಕೈಯಲ್ಲಿ ನಂಬರ್ ಬರೆದ ಸಾವಿರ ಪ್ರತಿಗಳು. ಮೂರೇ ವರ್ಷದಲ್ಲಿ ಅದೇ ತಂಡ ಜಗತ್ತಿನಾದ್ಯಂತ ಹೆಸರಾಯಿತು.

ಪ್ಲೇ ಕೌಂಟ್ ಎಂಬ ಭ್ರಮೆ

‘ಈಗ ಇಂಟರ್ನೆಟ್ ಇದೆಯಲ್ಲ, ತಟ್ಟೆ ಯಾಕೆ?’ ಎಂದು ಕೇಳಬಹುದು. ಸ್ಪಾಟಿಫೈ 2024ರಿಂದ ತಂದ ನಿಯಮ ನೋಡಿ. ಒಂದು ಹಾಡು 12 ತಿಂಗಳಲ್ಲಿ ಕನಿಷ್ಠ 1,000 ಸಲ ಪ್ಲೇ ಆಗದಿದ್ದರೆ ಅದಕ್ಕೆ ರಾಯಲ್ಟಿ ಇಲ್ಲ. 999 ಆದರೂ ಸೊನ್ನೆಯೇ. ಸಾವಿರ ದಾಟಿದರೂ ಸಿಗುವುದು ಪುಡಿಗಾಸು. ಒಂದು ಪ್ಲೇಗೆ ಕಾಲು ರೂಪಾಯಿ ಎಂದು ಉದಾರವಾಗಿಯೇ ಇಟ್ಟುಕೊಳ್ಳಿ, ನಮ್ಮ ದೇಶದ ಕೇಳುಗರಿಂದ ಅಷ್ಟೂ ಬರುವುದಿಲ್ಲ. ಮೇಲಿನ ಲೆಕ್ಕದಲ್ಲಿ 300 ಜನರಿಂದ ಉಳಿದ ಒಂದೂವರೆ ಲಕ್ಷ ಬರಬೇಕಾದರೆ ಹಾಡು 6 ಲಕ್ಷ ಸಲ ಪ್ಲೇ ಆಗಬೇಕು.

ಅಂದರೆ ಸಣ್ಣ ಕಲಾವಿದನ ಮುಂದೆ ಎರಡು ದಾರಿಗಳಿವೆ. ಒಂದು, ಲಕ್ಷಗಟ್ಟಲೆ ಜನ ಅರೆಗಿವಿಯಲ್ಲಿ ಕೇಳಲಿ ಎಂದು ಕಾಯುವುದು. ಇನ್ನೊಂದು, ನಿಜವಾಗಿ ಬೇಕೆನ್ನುವ 300 ಜನರನ್ನು ಹುಡುಕುವುದು. ಲಿಮಿಟೆಡ್ ಎಡಿಷನ್ ಈ ಎರಡನೆಯ ದಾರಿ. ಜಾಹೀರಾತಿಗೆ ಕಾಸಿಲ್ಲದವರಿಗೆ ಆ ಸಂಖ್ಯೆಯೇ ಒಂದು ಗಡುವು ಕೂಡ. ‘ಆಮೇಲೆ ಕೊಂಡರಾಯಿತು’ ಎನ್ನುವ ನಮ್ಮಂಥವರನ್ನು ಇವತ್ತೇ ತೀರ್ಮಾನಿಸಿ ಎಂದು ಕೇಳುತ್ತದೆ. ಅಷ್ಟನ್ನು ಕೇಳುವ ಹಕ್ಕು ಅವರಿಗಿದೆ ಎಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ಚಿಕ್ಕದಾಗಿಯೂ ಮಾಡುವವರಿದ್ದಾರೆ. ಪ್ರೆಸ್ಸೇ ಬೇಡ ಎಂದು ಒಂದೊಂದು ರೆಕಾರ್ಡನ್ನೂ ಲೇತ್‌ನಲ್ಲಿ ಕೊರೆಯುತ್ತಾರೆ. ನಲವತ್ತು ನಿಮಿಷದ ಆಲ್ಬಂಗೆ ನಲವತ್ತು ನಿಮಿಷ ಬೇಕೇ ಬೇಕು. ರಾಜಸ್ಥಾನದ ಜನಪದ ಕಲಾವಿದರ ಸಂಗೀತ ಹೊರತರುವ ದೆಹಲಿಯ ಅಮರಸ್ ರೆಕಾರ್ಡ್ಸ್ ಹೀಗೆ ತಟ್ಟೆ ಕೊರೆದಿದೆ. ಇಲ್ಲಿ ಯಾರೂ ಕೊರತೆಯನ್ನು ಸೃಷ್ಟಿಸಬೇಕಾಗಿಲ್ಲ. ದಿನಕ್ಕಿರುವುದೇ 24 ಗಂಟೆ.

ಹಾಗಾದರೆ ಗಿಮಿಕ್ ಇಲ್ಲವೇ?

ಖಂಡಿತ ಇದೆ. ನನ್ನ ಎದುರು ವಾದಿಸುವ ಗೆಳೆಯರು ಪೂರ್ತಿ ತಪ್ಪಲ್ಲ. 2022ರಲ್ಲಿ ಟೇಲರ್ ಸ್ವಿಫ್ಟ್ ‘ಮಿಡ್‌ನೈಟ್ಸ್’ ಆಲ್ಬಂ ಬಂದಾಗ ನಾಲ್ಕು ಬೇರೆ ಬೇರೆ ಕವರ್‌ಗಳಿದ್ದವು. ನಾಲ್ಕನ್ನೂ ಕೊಂಡು ಹಿಂಬದಿಗಳನ್ನು ಜೋಡಿಸಿದರೆ ಒಂದು ಗಡಿಯಾರವಾಗುತ್ತದೆ. ಅಮೆರಿಕದಲ್ಲಿ ಮೊದಲ ವಾರವೇ 5 ಲಕ್ಷಕ್ಕೂ ಹೆಚ್ಚು ವಿನೈಲ್ ಮಾರಾಟವಾಯಿತು. ಅದೇ ಹಾಡುಗಳನ್ನು ಒಬ್ಬರಿಗೇ ನಾಲ್ಕು ಸಲ ಮಾರುವ ಈ ಜಾಣತನಕ್ಕೂ, ಮನೆಯಲ್ಲಿ ಕೂತು ಕವರ್ ಅಂಟಿಸಿದ ಹುಡುಗರ ಸಾವಿರ ಪ್ರತಿಗೂ ಒಂದೇ ಹೆಸರು ಕೊಡುವುದು ಅನ್ಯಾಯ. ಕೈಲಾಗದೆ ಕಡಿಮೆ ಮಾಡುವುದು ಬೇರೆ. ಕೈಲಾದರೂ ಕಡಿಮೆಯೆಂದು ತೋರಿಸುವುದು ಬೇರೆ.

ಅತಿರೇಕಕ್ಕೂ ಉದಾಹರಣೆ ಇದೆ. ವು-ಟ್ಯಾಂಗ್ ಕ್ಲಾನ್ ಎಂಬ ಅಮೆರಿಕದ ರ‍್ಯಾಪ್ ತಂಡ ಒಂದು ಆಲ್ಬಂನ ಒಂದೇ ಒಂದು ಪ್ರತಿ ಮಾಡಿತು. 2015ರಲ್ಲಿ ಅದನ್ನು ಕೊಂಡವನು ಮಾರ್ಟಿನ್ ಶ್ಕ್ರೆಲಿ, ಔಷಧದ ಬೆಲೆಯನ್ನು ಹತ್ತಾರು ಪಟ್ಟು ಏರಿಸಿ ಕುಖ್ಯಾತನಾದ ಉದ್ಯಮಿ. ಅವನಿಗೆ ವಂಚನೆ ಪ್ರಕರಣದಲ್ಲಿ ಶಿಕ್ಷೆಯಾಗಿ, ಆಲ್ಬಂ ಸರ್ಕಾರದ ವಶಕ್ಕೆ ಹೋಯಿತು. ಸಂಗೀತ ಕೇಳುವವರಿಗೆ ತಲುಪುವ ಬದಲು ಕೋರ್ಟಿನ ಜಪ್ತಿ ಪಟ್ಟಿ ಸೇರಿತು.

ಇನ್ನೊಂದು ಸಮಸ್ಯೆ ಮರುಮಾರಾಟ. ನಿರ್ವಾಣದ ಆ ಮೊದಲ ಸಿಂಗಲ್ ಈಗ ಸಾವಿರಾರು ಡಾಲರ್‌ಗೆ ಕೈ ಬದಲಾಗುತ್ತದೆ. ಅದರಲ್ಲಿ ಒಂದು ಪೈಸೆಯೂ ಹಾಡಿದವರಿಗಾಗಲೀ ಒತ್ತಿಸಿದವರಿಗಾಗಲೀ ಹೋಗುವುದಿಲ್ಲ. ಕೇಳುವ ಆಸೆಯೇ ಇಲ್ಲದೆ, ನಾಳೆ ದುಪ್ಪಟ್ಟಿಗೆ ಮಾರಲೆಂದೇ ಕೊಳ್ಳುವವರು ನಿಜವಾದ ಅಭಿಮಾನಿಯ ಜಾಗ ಕಿತ್ತುಕೊಳ್ಳುತ್ತಾರೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹಣವಿಲ್ಲದವರದ್ದು. ನನ್ನ ಬಳಿ ಟರ್ನ್‌ಟೇಬಲ್ ಇಲ್ಲ. ಒಂದು ರೆಕಾರ್ಡಿನ ಬೆಲೆಗೆ ನನ್ನ ಅರ್ಧ ತಿಂಗಳ ಮೆಸ್ ಬಿಲ್ ಕಟ್ಟಬಹುದು. ಹಾಗಾದರೆ ಈ ಸಂಗೀತ ನನ್ನಂಥವರಿಗಲ್ಲವೇ? ಇದಕ್ಕೆ ಉತ್ತರ ಕೊಡದ ಲೇಬಲ್ಲನ್ನು ನಾನು ಸಮರ್ಥಿಸುವುದಿಲ್ಲ. ಒಳ್ಳೆಯ ಲೇಬಲ್‌ಗಳು ಕೊಡುತ್ತಿವೆ. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಅವು ತಟ್ಟೆಯ ಜತೆಗೇ ಹಾಡನ್ನೂ ಇಡುತ್ತವೆ. ಪುಕ್ಕಟೆ ಕೇಳಬಹುದು, ಕಡಿಮೆ ಬೆಲೆಗೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ತಾಣ ತನಗೆಂದು ಡಿಜಿಟಲ್ ಮಾರಾಟದಲ್ಲಿ ಶೇ 15, ತಟ್ಟೆ, ಕ್ಯಾಸೆಟ್‌ಗಳಲ್ಲಿ ಶೇ 10 ಇಟ್ಟುಕೊಳ್ಳುತ್ತದೆ. ನಾನು ಕೇಳುವುದು ಹೀಗೆಯೇ. ಅಂದರೆ ತಟ್ಟೆ ಕೊಳ್ಳುವ 300 ಜನ ಕೊಡುವ ದುಡ್ಡಿನಿಂದ, ಕೊಳ್ಳಲಾಗದ ನನಗೂ ಹಾಡು ಸಿಗುತ್ತದೆ.

ಹಾಗಾಗಿ ನನ್ನ ಷರತ್ತು ಮೂರು. ಹೇಳಿದ ಸಂಖ್ಯೆ ಸತ್ಯವಾಗಿರಬೇಕು. ಒಬ್ಬರಿಗೇ ಹತ್ತು ಮಾರಿ ಕಾಳಸಂತೆಗೆ ದಾರಿ ಮಾಡಬಾರದು. ತಟ್ಟೆಗೆ ಮಿತಿ ಇರಲಿ, ಹಾಡಿಗೆ ಮಿತಿ ಬೇಡ. ಇಷ್ಟನ್ನು ಪಾಲಿಸುವ ಲೇಬಲ್ 50 ಪ್ರತಿ ಮಾಡಿದರೂ ನನಗೆ ತಕರಾರಿಲ್ಲ.

ನಮಗೇನು ಸಂಬಂಧ?

ಸಂಬಂಧವಿದೆ. ನಮ್ಮ ಕಾಲೇಜುಗಳಿಗೆ ಬಂದು ಭಾಷಣ ಮಾಡುವವರೆಲ್ಲ ಹೇಳುವುದು ಒಂದೇ ಪದ: ‘ಸ್ಕೇಲ್’. ಐಡಿಯಾ ಹೇಳಿದ ಕೂಡಲೇ ‘ಇದನ್ನು ಕೋಟಿ ಜನಕ್ಕೆ ಹೇಗೆ ತಲುಪಿಸುತ್ತೀರಿ?’ ಎಂಬ ಪ್ರಶ್ನೆ. ಮೊದಲ ಮುನ್ನೂರು ಜನ ಯಾರು ಎಂದು ಯಾರೂ ಕೇಳುವುದಿಲ್ಲ. ಹಾಡು ಬರೆಯುವ, ಕಿರುಚಿತ್ರ ಮಾಡುವ ಗೆಳೆಯರು ನನಗಿದ್ದಾರೆ. ತಿಂಗಳುಗಟ್ಟಲೆ ದುಡಿದು ಹಾಕಿದ ವಿಡಿಯೊ 300 ವ್ಯೂಸ್‌ಗೆ ನಿಂತರೆ ನಾಚಿಕೆಯಿಂದ ಡಿಲೀಟ್ ಮಾಡಿಬಿಡುತ್ತಾರೆ. ಅದೇ 300 ಜನ ನಮ್ಮ ಕಾಲೇಜಿನ ಸೆಮಿನಾರ್ ಹಾಲ್‌ಗೆ ಬಂದರೆ ಕೂರಲು ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಲ್ಲಬೇಕಾಗುತ್ತದೆ ಎಂಬುದು ಅವರಿಗೆ ಹೊಳೆಯುವುದೇ ಇಲ್ಲ.

ಕನ್ನಡ ಓದುಗರಿಗೆ ಸಣ್ಣ ಸಂಖ್ಯೆ ಹೊಸದೇನಲ್ಲ. ಕಪಾಟಿನಲ್ಲಿರುವ ಯಾವುದಾದರೂ ಕನ್ನಡ ಪುಸ್ತಕದ ಎರಡನೇ ಪುಟ ತೆಗೆದು ನೋಡಿ. ಮೊದಲ ಮುದ್ರಣದ ವರ್ಷ, ಬೆಲೆ, ಅದರ ಜತೆಗೆ ‘ಪ್ರತಿಗಳು: 1000’ ಎಂದೋ ‘500’ ಎಂದೋ ಇರುತ್ತದೆ. ಅದನ್ನು ಮುಚ್ಚಿಡಬೇಕೆಂದು ಪ್ರಕಾಶಕರಿಗೆ ಅನ್ನಿಸಿಲ್ಲ. ಸಾವಿರ ಪ್ರತಿಯಿಂದ ಶುರುವಾಗಿ ಹತ್ತಾರು ಮುದ್ರಣ ಕಂಡ ಪುಸ್ತಕಗಳೂ ನಮ್ಮಲ್ಲಿವೆ, ಮೊದಲ ಮುದ್ರಣಕ್ಕೇ ನಿಂತರೂ ಓದಿದವರ ಮನಸ್ಸಿನಲ್ಲಿ ಉಳಿದವೂ ಇವೆ.

ಕಾಲೇಜ್ ಫೆಸ್ಟಿನ ಟೀ ಶರ್ಟ್ ಜವಾಬ್ದಾರಿ ಹೊತ್ತವರಿಗೂ ಇದು ಗೊತ್ತು. ಮೊದಲೇ ಹೆಸರು, ಸೈಜ್ ಬರೆಸಿಕೊಂಡು, ಯುಪಿಐನಲ್ಲಿ ಅಡ್ವಾನ್ಸ್ ಪಡೆದು ಮಾಡಿಸಿದ ಬ್ಯಾಚ್‌ನವರು ಕೈಸುಟ್ಟುಕೊಳ್ಳುವುದಿಲ್ಲ. ‘ಹೇಗೂ ಹೋಗುತ್ತೆ ಬಿಡೋ’ ಎಂದು ಅಂದಾಜಿನಲ್ಲಿ ಮಾಡಿಸಿದ ಬ್ಯಾಚ್‌ನ ಎಕ್ಸ್‌ಎಲ್ ಶರ್ಟುಗಳು ಡಿಪಾರ್ಟ್‌ಮೆಂಟಿನ ಬೀರುವಿನಲ್ಲಿ ಇನ್ನೂ ಇರುತ್ತವೆ.

ಓದು ಮುಗಿಸಿ ನಾವು ಏನೇ ಶುರು ಮಾಡಲಿ, ಉಪ್ಪಿನಕಾಯಿ ಮಾರಲಿ, ಆ್ಯಪ್ ಕಟ್ಟಲಿ, ಕವನ ಸಂಕಲನ ತರಲಿ, ‘ಎಷ್ಟು?’ ಎಂಬ ಪ್ರಶ್ನೆ ಮೊದಲ ದಿನವೇ ಎದುರಾಗುತ್ತದೆ. ನಮ್ಮಲ್ಲಿ ಹೆಚ್ಚಿನವರ ಮನೆಗಳು ಒಂದು ಕ್ವಿಂಟಲ್ ಮಾರಾಟವಾಗದ ಮಾಲಿನ ನಷ್ಟ ತಡೆಯುವಷ್ಟು ಗಟ್ಟಿಯಿಲ್ಲ. ಎರಡನೇ ಪ್ರಯತ್ನಕ್ಕೆ ಅವಕಾಶ ಉಳಿಯುವ ಹಾಗೆ ಮೊದಲ ಪ್ರಯತ್ನ ಮಾಡುವುದು ಹೇಡಿತನವಲ್ಲ. ಕೈಯಲ್ಲಿರುವ ದುಡ್ಡು ನೋಡಿ, ಬೇಕೆನ್ನುವವರನ್ನು ಎಣಿಸಿ, ಆ ಸಂಖ್ಯೆಯನ್ನು ತಲೆಯೆತ್ತಿ ಹೇಳಿದರೆ ಸಾಕು. ಅವರಿಗೆ ಇಷ್ಟವಾದರೆ ಮರುಮುದ್ರಣ ಇದ್ದೇ ಇದೆ.